ಹಳೆಯ ಸೈನಿಕ ಕೋವಿಗಳ ಶುದ್ಧೀಕರಣ: ಕಳೆಯತಕ್ಕದ್ದು, ಉಳಿಸತಕ್ಕದ್ದು

ಇತಿಹಾಸದ ಆಧಾರಸಾಮಗ್ರಿಗಳೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಗರಿ ಮೊದಲಾದುವು. ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆಯಾಗಿ ತಯಾರಾದ ಸೈನಿಕರ ಕೋವಿ ಈ ಪಂಕ್ತಿಯಲ್ಲಿ ಎಣಿಕೆಗೆ ಬರುವುದು ವಿರಳ. ಆದರೆ ಅದರ ಮೈಮೇಲೆಯೂ ಬರೆಹವುಂಟು. ಅದನ್ನು ತಯಾರಿಸಿದ ಕಾರ್ಖಾನೆ, ತಯಾರಾದ ವರ್ಷ, ಅಂದಿನ ಪ್ರಭುತ್ವದ ಲಾಂಛನ, ಪರೀಕ್ಷಕರ ಮುದ್ರೆ, ಅದು ಸೇರಿದ ದಳ, ಅದಕ್ಕಾದ ದುರಸ್ತಿ, ಕೊನೆಗೆ ಅದು ಸೈನ್ಯದಿಂದ ಹೊರಬಿದ್ದ ಸಂಗತಿ, ಇವೆಲ್ಲವೂ ಉಕ್ಕಿನಲ್ಲಿ, ಮರದಲ್ಲಿ, ಹಿತ್ತಾಳೆಯಲ್ಲಿ ಅಚ್ಚೊತ್ತಿರುತ್ತವೆ. ಈ ಬರೆಹಕ್ಕೆ ತುಕ್ಕು ಶತ್ರುವೆಂಬುದನ್ನು ಎಲ್ಲರೂ ಬಲ್ಲರು. ತುಕ್ಕಿಗಿಂತ ದೊಡ್ಡ ಶತ್ರು ಇನ್ನೊಂದುಂಟು. ಅದು ತಿಳಿವಳಿಕೆಯಿಲ್ಲದೆ ಮಾಡುವ ಶುದ್ಧೀಕರಣ. ತುಕ್ಕು ಹಲವು ವರ್ಷಗಳಲ್ಲಿ ಅಳಿಸಲಾರದ ಅಕ್ಷರವನ್ನು ಎಮರಿ ಕಾಗದ ಹತ್ತು ನಿಮಿಷಗಳಲ್ಲಿ ಅಳಿಸಬಲ್ಲದು.

ಶಾಸನವನ್ನು ಓದುವವನು ಕಲ್ಲಿನ ಮೇಲಣ ಪಾಚಿಯನ್ನೂ ಮಣ್ಣನ್ನೂ ನೀರಿನಿಂದ ತೊಳೆಯುತ್ತಾನೆ, ಕುಂಚದಿಂದ ಉಜ್ಜುತ್ತಾನೆ. ಕಲ್ಲು ಹೊಸದರಂತೆ ಕಾಣಲೆಂದು ಅದನ್ನು ಉಳಿಯಿಂದ ಕೆತ್ತುವುದಿಲ್ಲ. ಕೋವಿಯ ವಿಷಯದಲ್ಲಿಯೂ ನ್ಯಾಯ ಇದೇ. ಅದರ ಮೇಲೆ ಪದರಪದರವಾಗಿ ಕೂಡಿದ ವಸ್ತುಗಳಲ್ಲಿ ಯಾವುದು ಕೊಳೆ, ಯಾವುದು ಸಾಕ್ಷ್ಯ ಎಂಬುದನ್ನು ಮೊದಲು ನಿರ್ಣಯಿಸಬೇಕು. ಈ ನಿರ್ಣಯವು ಕಣ್ಣಿನ ತೋರಿಕೆಯಿಂದ ಆಗತಕ್ಕದ್ದಲ್ಲ. ಪ್ರತಿಯೊಂದು ಪದರವೂ ಎಲ್ಲಿಂದ ಬಂದಿತೆಂಬ ಜ್ಞಾನದಿಂದ ಆಗಬೇಕು. ಈ ಮಾತನ್ನು ನಿದರ್ಶನಗಳೊಡನೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೆಚ್ಚುವರಿ ಕೋವಿಗಳ ಹಿನ್ನೆಲೆ

ನಳಿಗೆಯ ಒಳಮೈಯಲ್ಲಿ ಸುರುಳಿಯಾದ ತೋಡುಗಳಿರುವ ಕೋವಿಗೆ ರೈಫಲು ಎಂದು ಹೆಸರು. ಈ ತೋಡುಗಳು ಗುಂಡಿಗೆ ತಿರುಗಣೆಯನ್ನು ಕೊಟ್ಟು ಅದರ ಹಾದಿಯನ್ನು ಸ್ಥಿರಗೊಳಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಎರಡನೆಯ ಮಹಾಯುದ್ಧದ ಅಂತ್ಯದವರೆಗೆ ಪ್ರಪಂಚದ ಸೈನ್ಯಗಳು ಬಳಸಿದುದು ಮುಖ್ಯವಾಗಿ ಬೋಲ್ಟನ್ನು ಕೈಯಿಂದ ಎಳೆದು ದೂಡಿ ತೋಟಾ ತುಂಬುವ ರೈಫಲುಗಳನ್ನು. ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಜರ್ಮನಿಯ ಮೌಸರ್, ರಷ್ಯದ ಮೋಸಿನ್-ನಗಾಂತ್ ಇವು ಈ ವರ್ಗದಲ್ಲಿ ಪ್ರಸಿದ್ಧವಾದುವು. ಯುದ್ಧಾನಂತರ ತಮ್ಮಷ್ಟಕ್ಕೆ ತಾವೇ ತೋಟಾ ತುಂಬಿಕೊಳ್ಳುವ ಕೋವಿಗಳು ಬಳಕೆಗೆ ಬಂದುವಾಗಿ, ಈ ಹಳೆಯ ರೈಫಲುಗಳು ಸೈನ್ಯಗಳಿಗೆ ಬೇಡವಾದುವು. ಕೆಲವನ್ನು ಕರಗಿಸಿದರು; ಕೆಲವನ್ನು ಮುಂದೆ ಬೇಕಾಗಬಹುದೆಂದು ಗ್ರೀಸು ಬಳಿದು ಉಗ್ರಾಣಗಳಲ್ಲಿ ಇರಿಸಿದರು; ಮಿಕ್ಕವನ್ನು ಹೆಚ್ಚುವರಿ ಸಾಮಗ್ರಿಯೆಂದು ಮಾರಿದರು.

ಕೊಳ್ಳುವವರಲ್ಲಿ ಅಮೆರಿಕದ ನಾಗರಿಕರು ಪ್ರಮುಖರಾಗಿದ್ದರು. 1950 ಮತ್ತು 1960ರ ದಶಕಗಳಲ್ಲಿ ಅಲ್ಲಿ ಈ ರೈಫಲುಗಳು ಅತ್ಯಂತ ಅಗ್ಗವಾಗಿ ದೊರೆಯುತ್ತಿದ್ದುವು. ಕೊಂಡವರು ಅವುಗಳ ಮುಂಭಾಗದ ಮರವನ್ನು ಕತ್ತರಿಸಿ, ನಳಿಗೆಯನ್ನು ಮೊಟಕುಗೊಳಿಸಿ, ಮುದ್ರೆಗಳನ್ನು ಉಜ್ಜಿ ಹೊಳಪುಕೊಟ್ಟು ಬೇಟೆಯ ಕೋವಿಗಳನ್ನಾಗಿ ಮಾಡಿಕೊಂಡರು. ಅಂದು ಅದು ಜಾಣತನವಾಗಿ ತೋರಿತು. ಇಂದು ಮೂಲರೂಪದಲ್ಲಿ ಉಳಿದ ಒಂದೊಂದು ರೈಫಲಿಗೂ ಸಂಗ್ರಾಹಕರು ಹುಡುಕಾಡುತ್ತಿದ್ದಾರೆ. 1968ರಲ್ಲಿ ಅಮೆರಿಕದ ಶಾಸನವು ಇಂಥ ಕೋವಿಗಳ ಆಮದನ್ನು ತಡೆಯಿತು. 1980ರ ದಶಕದಲ್ಲಿ ಆ ತಡೆ ಸಡಿಲಗೊಂಡಿತು. 1991ರಲ್ಲಿ ಸೋವಿಯತ್ ಒಕ್ಕೂಟ ವಿಘಟನೆಗೊಂಡ ಮೇಲೆ ಅದರ ಉಗ್ರಾಣಗಳಲ್ಲಿ ದಶಕಗಳ ಕಾಲ ಗ್ರೀಸಿನಲ್ಲಿ ಮುಳುಗಿದ್ದ ಮೋಸಿನ್-ನಗಾಂತ್ ರೈಫಲುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಹೊರಬಂದುವು. ಹಳೆಯ ಕೋವಿಯನ್ನು ಶುದ್ಧಗೊಳಿಸುವುದು ಒಂದು ದೊಡ್ಡ ಹವ್ಯಾಸವಾಗಿ ಬೆಳೆದುದು ಈ ಹಿನ್ನೆಲೆಯಲ್ಲಿ.

ಗ್ರೀಸಿನ ಪದರ

ಉಗ್ರಾಣದಿಂದ ಬಂದ ರೈಫಲಿನ ಮೇಲೆ ಮೊದಲು ಕಾಣುವುದು ಕಂದುಬಣ್ಣದ, ಅಂಟಾದ, ಕೆಲವೊಮ್ಮೆ ಮೇಣದಂತೆ ಗಟ್ಟಿಯಾದ ಲೇಪ. ಇದಕ್ಕೆ ಕಾಸ್ಮೊಲೀನ್ ಎಂಬ ಹೆಸರು ರೂಢಿಯಲ್ಲಿದೆ. ಇದು ಕಲ್ಲೆಣ್ಣೆಯಿಂದ ಪಡೆದ ವಸ್ತು. ಔಷಧದ ಅಂಗಡಿಗಳಲ್ಲಿ ದೊರೆಯುವ ವ್ಯಾಸಲೀನಿನ ಹತ್ತಿರದ ಸಂಬಂಧಿ. ಗಾಳಿಯೂ ತೇವವೂ ಉಕ್ಕನ್ನು ಮುಟ್ಟದಂತೆ ತಡೆಯುವುದು ಇದರ ಕೆಲಸ. ಕಾಲ ಕಳೆದಂತೆ ಇದರಲ್ಲಿನ ಹಗುರವಾದ ಅಂಶಗಳು ಆವಿಯಾಗಿ ಹೋಗಿ ಉಳಿದುದು ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಗ್ರೀಸು ಬೋಲ್ಟಿನೊಳಗಣ ಸುರುಳಿಕಂಬಿಯ ಚಲನೆಯನ್ನು ತಡೆಯುತ್ತದೆ. ಆದುದರಿಂದ ಇದು ನಿಸ್ಸಂದೇಹವಾಗಿ ಕಳೆಯತಕ್ಕ ಪದರ.

ಕಳೆಯುವ ಉಪಾಯ ಸರಳವಾದುದು. ಈ ವಸ್ತುವು ಸುಮಾರು 45ರಿಂದ 52 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ಲೋಹದ ಭಾಗಗಳನ್ನು ಬಿಡಿಸಿ ಬಿಸಿನೀರಿನಿಂದ ತೊಳೆದರೆ ಬಹುಭಾಗ ಹರಿದುಹೋಗುತ್ತದೆ. ಉಳಿದುದು ಸೀಮೆಎಣ್ಣೆ ಅಥವಾ ಟರ್ಪಂಟೈನಿನಂಥ ದ್ರಾವಕದಿಂದ ಬಿಡುತ್ತದೆ. ಪೆಟ್ರೋಲನ್ನು ಬಳಸಬಾರದು, ಅದರ ಆವಿ ಸಣ್ಣ ಕಿಡಿಗೂ ಹತ್ತಿಕೊಳ್ಳುತ್ತದೆ. ಮರದೊಳಕ್ಕೆ ಇಳಿದ ಗ್ರೀಸನ್ನು ತೆಗೆಯುವುದು ನಿಧಾನದ ಕೆಲಸ. ಮರವನ್ನು ಬಿಸಿಲಿನಲ್ಲಿ ಮೆಲ್ಲನೆ ಕಾಯಿಸಿ, ಮೇಲಕ್ಕೆ ಬಂದ ಜಿಡ್ಡನ್ನು ಬಟ್ಟೆಯಿಂದ ಒರೆಸುತ್ತ, ಅನೇಕ ದಿನಗಳವರೆಗೆ ಇದನ್ನೇ ಪುನರಾವರ್ತಿಸಬೇಕು. ಆತುರಪಟ್ಟು ಕ್ಷಾರದ ದ್ರಾವಣದಲ್ಲಿ ಅದ್ದಿದರೆ ಮರದ ನಾರು ಸಡಿಲುತ್ತದೆ, ಬಣ್ಣ ಕೆಡುತ್ತದೆ; ಅದರೊಡನೆ ಮರದ ಮೇಲಣ ಮುದ್ರೆಗಳೂ ಮಸುಕಾಗುತ್ತವೆ.

ಕಣ್ಣಿಗೆ ಕಾಣದ ಉಪ್ಪು

ಗ್ರೀಸು ಕಣ್ಣಿಗೆ ಕಾಣುವ ಕೊಳೆ; ಅದರಿಂದ ಕೋವಿಗೆ ಹಾನಿಯಿಲ್ಲ. ನಿಜವಾಗಿ ಹಾನಿ ಮಾಡುವ ಕೊಳೆ ಕಣ್ಣಿಗೆ ಕಾಣುವುದಿಲ್ಲ. ಇದು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕ ವಿಷಯ.

ತೋಟಾದ ಹಿಂಬದಿಯಲ್ಲಿ ಒಂದು ಚಿಕ್ಕ ಕೇಪು ಇರುತ್ತದೆ. ಸೂಜಿ ಬಡಿದಾಗ ಕೇಪಿನೊಳಗಣ ಮಿಶ್ರಣ ಸಿಡಿದು ಮದ್ದಿಗೆ ಬೆಂಕಿ ತಗಲುತ್ತದೆ. ಹಳೆಯ ಸೈನಿಕ ತೋಟಾಗಳ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಎಂಬ ಲವಣ ಒಂದು ಮುಖ್ಯ ಘಟಕವಾಗಿತ್ತು. ಇದು ವಿಭಜನೆಗೊಂಡಾಗ ಆಮ್ಲಜನಕ ಹೊರಬಿದ್ದು ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅಣುತೂಕಗಳ ಲೆಕ್ಕದಂತೆ 100 ಭಾಗ ಕ್ಲೋರೇಟಿನಿಂದ ಸುಮಾರು 61 ಭಾಗ ಕ್ಲೋರೈಡು ಉಂಟಾಗುತ್ತದೆ. ಅಡುಗೆಯ ಉಪ್ಪಿನ ದಾಯಾದಿಯೆನ್ನಬಹುದಾದ ಈ ಉಪ್ಪು ಸಿಡಿತದ ಬಿಸಿಯಲ್ಲಿ ಚದರಿ ನಳಿಗೆಯ ಒಳಮೈಗೆ ತೆಳುವಾಗಿ ಅಂಟಿಕೊಳ್ಳುತ್ತದೆ.

ಈ ಉಪ್ಪು ಗಾಳಿಯಿಂದ ತೇವವನ್ನು ಹೀರುತ್ತದೆ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 84ರ ಸುಮಾರನ್ನು ದಾಟಿತೆಂದರೆ ಇದು ತಾನೇ ಹೀರಿದ ನೀರಿನಲ್ಲಿ ಕರಗಿ ದ್ರಾವಣವಾಗುತ್ತದೆ. ಉಕ್ಕಿನ ಮೇಲೆ ಉಪ್ಪುನೀರಿನ ಪೊರೆ ನಿಂತರೆ ವಿದ್ಯುದ್ರಾಸಾಯನಿಕ ಕ್ರಿಯೆ ಬಿರುಸಾಗಿ ನಡೆಯುತ್ತದೆ. ಉಕ್ಕಿಗೆ ಸ್ವಭಾವತಃ ರಕ್ಷಣೆ ಕೊಡುವ ತೆಳುಪೊರೆಯನ್ನು ಕ್ಲೋರೈಡು ಅಲ್ಲಲ್ಲಿ ಭೇದಿಸಿ ಸಣ್ಣ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿ, ಕಾರವಾರಗಳ ಗಾಳಿ ದಿನಗಟ್ಟಲೆ ಈ ಮಿತಿಯನ್ನು ಮೀರಿರುತ್ತದೆಂಬುದನ್ನು ನೆನೆದರೆ ಈ ಉಪ್ಪಿನ ಉಪದ್ರವ ನಮ್ಮ ವಾಚಕರಿಗೆ ಸುಲಭವಾಗಿ ಅರ್ಥವಾದೀತು.

ಈ ತಿಳಿವಳಿಕೆ ದೊರೆತ ಬಗೆಯೂ ಸ್ವಾರಸ್ಯವಾದುದು. ಕರಿಮದ್ದಿನ ಕಾಲದಲ್ಲಿ ಒಂದೊಂದು ಗುಂಡಿಗೂ ನಳಿಗೆಯಲ್ಲಿ ದಪ್ಪನಾದ ಮಸಿ ಕೂಡುತ್ತಿತ್ತು. ಸೈನಿಕರು ಅದನ್ನು ನೀರಿನಿಂದ ತೊಳೆಯುತ್ತಿದ್ದರು. ಮಸಿಯೊಡನೆ ಕೇಪಿನ ಉಪ್ಪೂ ತೊಳೆದುಹೋಗುತ್ತಿತ್ತು. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಬಳಕೆಗೆ ಬಂದಿತು. 1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಬಂದಿತು. ಈಗ ಗುಂಡು ಹಾರಿಸಿದ ಮೇಲೂ ನಳಿಗೆ ಹೆಚ್ಚುಕಡಮೆ ಶುಭ್ರವಾಗಿಯೇ ತೋರುತ್ತಿತ್ತು. ನೀರು ಉಕ್ಕಿಗೆ ವೈರಿ, ಎಣ್ಣೆ ಮಿತ್ರ ಎಂಬುದು ಲೋಕರೂಢಿ. ಆದುದರಿಂದ ಅನೇಕರು ನೀರನ್ನು ಬಿಟ್ಟು ಎಣ್ಣೆಯಿಂದಲೇ ಒರೆಸತೊಡಗಿದರು. ಒರೆಸಿಟ್ಟ ಕೆಲವೇ ದಿನಗಳಲ್ಲಿ ನಳಿಗೆ ತುಕ್ಕು ಹಿಡಿಯುತ್ತಿತ್ತು. ಹೊಸ ಮದ್ದಿನ ಆಮ್ಲಗಳೇ ಕಾರಣವೆಂದು ಕೆಲವರು ಹೇಳಿದರು. ಉಕ್ಕು ಅನಿಲಗಳನ್ನು ತನ್ನೊಳಗೆ ಹೀರಿಕೊಂಡು ಆಮೇಲೆ ಬೆವರಿನಂತೆ ಹೊರಬಿಡುತ್ತದೆಂದು ಮತ್ತೆ ಕೆಲವರು ಊಹಿಸಿದರು. ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಎಂಬ ವಿಜ್ಞಾನಿ 1922ರಲ್ಲಿ ಪ್ರಕಟವಾದ ತನ್ನ ಸಂಶೋಧನೆಯಲ್ಲಿ ಈ ಊಹೆಗಳನ್ನು ತಳ್ಳಿಹಾಕಿ, ಅಪರಾಧಿ ಮದ್ದಲ್ಲ, ಕೇಪಿನ ಕ್ಲೋರೈಡು ಎಂದು ತೋರಿಸಿಕೊಟ್ಟನು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯ ಪೊರೆಯ ಅಡಿಯಲ್ಲಿಯೇ ಅದು ಕುಳಿತು ತೇವವನ್ನು ಸೆಳೆದುಕೊಂಡು ಉಕ್ಕನ್ನು ತಿನ್ನುತ್ತದೆ.

ಹೀಗಾಗಿ ಈ ರೋಗಕ್ಕೆ ಮದ್ದು ನೀರೇ ಹೊರತು ಎಣ್ಣೆಯಲ್ಲ. ಪೊಟ್ಯಾಸಿಯಂ ಕ್ಲೋರೈಡು 20 ಡಿಗ್ರಿಯ 100 ಗ್ರಾಂ ನೀರಿನಲ್ಲಿ 34 ಗ್ರಾಮಿನಷ್ಟೂ, ಕುದಿಯುವ ನೀರಿನಲ್ಲಿ 56 ಗ್ರಾಮಿನಷ್ಟೂ ಕರಗುತ್ತದೆ. ನಳಿಗೆಯಲ್ಲಿರುವ ಅತ್ಯಲ್ಪ ಉಪ್ಪನ್ನು ತಣ್ಣೀರೂ ಕರಗಿಸಬಲ್ಲದು. ಆದರೆ ಕುದಿನೀರನ್ನು ಹುಯ್ದರೆ ಉಕ್ಕು ಬಿಸಿಯಾಗಿ ತನ್ನಷ್ಟಕ್ಕೆ ತಾನೇ ಬೇಗ ಆರುತ್ತದೆ. ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ ಬಳಿಕ ಆಲಿಕೆಯನ್ನಿಟ್ಟು ನಳಿಗೆಯೊಳಕ್ಕೆ ಕುದಿನೀರು ಹುಯ್ಯುತ್ತಿದ್ದುದರ ಹಿಂದೆ ಈ ಅನುಭವವಿತ್ತು. ತೊಳೆದು, ಪೂರ್ತಿಯಾಗಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಈ ಕ್ರಮವು ಹಿಂದುಮುಂದಾದರೆ ಶ್ರಮವೆಲ್ಲ ವ್ಯರ್ಥ.

ಅಮೋನಿಯವು ಈ ಉಪ್ಪನ್ನು ನಿರ್ವೀರ್ಯಗೊಳಿಸುತ್ತದೆಂಬ ನಂಬಿಕೆ ಇಂದಿಗೂ ಹಲವರಲ್ಲಿದೆ. ಪೊಟ್ಯಾಸಿಯಂ ಕ್ಲೋರೈಡು ಆಮ್ಲವಲ್ಲ. ಅದನ್ನು ಪ್ರತ್ಯಾಮ್ಲದಿಂದ ತಟಸ್ಥಗೊಳಿಸುವ ಮಾತೇ ಹುಟ್ಟುವುದಿಲ್ಲ. ಆದರೆ ಈ ನಂಬಿಕೆಗೆ ಒಂದು ಆಧಾರವುಂಟು. ಗುಂಡಿನ ಹೊರಕವಚದಲ್ಲಿ ತಾಮ್ರವಿರುತ್ತದೆ. ಅದು ಸವೆದು ನಳಿಗೆಯೊಳಗೆ ಮೆತ್ತಿಕೊಂಡಾಗ ಅದರ ಅಡಿಯಲ್ಲಿ ಉಪ್ಪು ಸಿಕ್ಕಿಬೀಳುತ್ತದೆ. ನೀರು ಅಲ್ಲಿಗೆ ತಲುಪುವುದಿಲ್ಲ. ಅಮೋನಿಯದ ದ್ರಾವಣವು ತಾಮ್ರವನ್ನು ಕರಗಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ. ಉಪ್ಪನ್ನು ಒಯ್ಯುವುದು ಮಾತ್ರ ಆ ದ್ರಾವಣದಲ್ಲಿರುವ ನೀರೇ.

ಸ್ವಚ್ಛಗೊಳಿಸುವ ಉಪಕರಣವೂ ಹಾನಿ ಮಾಡಬಲ್ಲದು. ಬ್ರಿಟಿಷ್ ಸೈನಿಕನಿಗೆ ನಳಿಗೆಯನ್ನು ಒರೆಸಲು ಒಂದು ತುದಿಯಲ್ಲಿ ತೂಕ ಕಟ್ಟಿದ ದಾರವನ್ನೂ ಹಿತ್ತಾಳೆಯ ಎಣ್ಣೆಬುಡ್ಡಿಯನ್ನೂ ಕೊಡುತ್ತಿದ್ದರು. ಎರಡೂ ರೈಫಲಿನ ಹಿಂಬದಿಯ ಮರದೊಳಗೆ ಕೊರೆದ ಗೂಡಿನಲ್ಲಿರುತ್ತಿದ್ದುವು. ದಾರವನ್ನು ನೇರವಾಗಿ ಎಳೆಯದೆ ಓರೆಯಾಗಿ ಎಳೆದರೆ ಅದು ವರ್ಷಾನುಗಟ್ಟಲೆ ನಳಿಗೆಯ ಬಾಯನ್ನು ಉಜ್ಜಿ ಒಂದು ಕಡೆ ತಗ್ಗು ಮಾಡುತ್ತಿತ್ತು. ಗುಂಡು ಹೊರಬೀಳುವ ಅಂಚು ಸವೆದರೆ ಗುರಿ ಕೆಡುತ್ತದೆ. ಬಾವಿಯ ಕಟ್ಟೆಯ ಕಲ್ಲನ್ನು ಹಗ್ಗ ಸವೆಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯ ತೋರದು. ಗುಂಡಿಗಿಂತ ಶುದ್ಧೀಕರಣದಿಂದಲೇ ಸವೆದ ನಳಿಗೆಗಳು ಇಂದಿಗೂ ದೊರೆಯುತ್ತವೆ.

ಕೆಂಪು ತುಕ್ಕು, ಕಪ್ಪು ಪೊರೆ

ತುಕ್ಕೆಂದು ಸಾಮಾನ್ಯವಾಗಿ ಕರೆಯುವುದರಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಬೇಕು. ಕೆಂಪಾಗಿ, ಪುಡಿಯಾಗಿ, ಬೆರಳಿಗೆ ಹತ್ತುವ ತುಕ್ಕು ತೇವವನ್ನು ಹಿಡಿದಿಟ್ಟುಕೊಂಡು ಮುಂದಿನ ತುಕ್ಕಿಗೆ ತಾನೇ ಆಸ್ಪದ ಕೊಡುತ್ತದೆ. ಇದನ್ನು ಕಳೆಯಬೇಕು. ಕಪ್ಪಾಗಿ ಅಥವಾ ಕಡುಕಂದಾಗಿ, ಉಕ್ಕಿಗೆ ಬಿಗಿಯಾಗಿ ಅಂಟಿಕೊಂಡಿರುವ ಪೊರೆ ಬಹುಮಟ್ಟಿಗೆ ಸ್ಥಿರವಾದುದು; ಅನೇಕ ವೇಳೆ ಕಾರ್ಖಾನೆಯೇ ಉದ್ದೇಶಪೂರ್ವಕವಾಗಿ ಕೊಟ್ಟುದು. ಹಿಂದೆ ನಳಿಗೆಗಳಿಗೆ ಕಪ್ಪುಬಣ್ಣ ಕೊಡುತ್ತಿದ್ದ ಒಂದು ಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಉಕ್ಕಿಗೆ ರಾಸಾಯನಿಕವನ್ನು ಸವರಿ ಬೇಕೆಂದೇ ತೆಳುವಾಗಿ ಕೆಂಪು ತುಕ್ಕು ಹಿಡಿಸುತ್ತಿದ್ದರು. ಆಮೇಲೆ ಕುದಿಯುವ ನೀರಿನಲ್ಲಿ ಅದ್ದಿ ಅದನ್ನು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡಾಗಿ ಪರಿವರ್ತಿಸುತ್ತಿದ್ದರು. ಸಡಿಲವಾದ ಪುಡಿಯನ್ನು ತಿಕ್ಕಿ ತೆಗೆದು ಇದೇ ಕ್ರಿಯೆಯನ್ನು ಹಲವು ಸಲ ನಡೆಸುತ್ತಿದ್ದರು. ತುಕ್ಕನ್ನೇ ಪಳಗಿಸಿ ತುಕ್ಕಿಗೆ ಕಾವಲಿಡುವ ಉಪಾಯವಿದು. ಈ ಕಪ್ಪನ್ನು ಕೊಳೆಯೆಂದು ಬಗೆದು ಉಜ್ಜಿ ತೆಗೆದವನು ಉಕ್ಕನ್ನು ಬೆತ್ತಲೆ ಮಾಡಿ ಹೊಸ ತುಕ್ಕಿಗೆ ಒಪ್ಪಿಸುತ್ತಾನೆ.

ನಮ್ಮ ಮನೆಗಳಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ವಾಡಿಕೆಯಿದೆ. ಇದನ್ನೇ ಕೋವಿಗೆ ಅನ್ವಯಿಸುವುದು ತಪ್ಪು. ಹುಣಸೆ, ನಿಂಬೆಗಳ ಆಮ್ಲವು ಕೆಂಪು ತುಕ್ಕನ್ನು ಕರಗಿಸುವಾಗ ಕಪ್ಪು ಪೊರೆಯನ್ನೂ ಬಿಡುವುದಿಲ್ಲ. ಇಟ್ಟಿಗೆಯ ಪುಡಿ, ಎಮರಿ ಕಾಗದ, ತಿರುಗುವ ಸಾಣೆಚಕ್ರ ಇವು ಉಕ್ಕನ್ನೇ ಕೆರೆಯುತ್ತವೆ. ಚೂಪಾಗಿದ್ದ ಅಂಚುಗಳು ದುಂಡಾಗುತ್ತವೆ, ಅಕ್ಷರಗಳು ತೇಲುತ್ತವೆ. ಎಣ್ಣೆಯಲ್ಲಿ ನೆನೆಸಿ, ಅತಿ ನಯವಾದ ಉಕ್ಕಿನ ನಾರಿನಿಂದಲೋ ಉಕ್ಕಿಗಿಂತ ಮೃದುವಾದ ಹಿತ್ತಾಳೆಯ ಚೂರಿನಿಂದಲೋ ಕೆಂಪು ತುಕ್ಕನ್ನಷ್ಟೆ ಎಬ್ಬಿಸುವುದು ಯೋಗ್ಯವಾದ ಕ್ರಮ. ಅದು ಕೂಡ ಮುದ್ರೆಗಳ ಮೇಲೆ ಬೇಡ. ಅಲ್ಲಿ ಎಣ್ಣೆ ಮತ್ತು ಮೆದುವಾದ ಕುಂಚ ಸಾಕು. ಸಂಗ್ರಹಾಲಯಗಳಲ್ಲಿ ಟ್ಯಾನಿಕ್ ಆಮ್ಲದ ಪ್ರಯೋಗವೂ ಉಂಟು. ಅದು ತುಕ್ಕನ್ನು ಕಪ್ಪಾದ ಟ್ಯಾನೇಟಾಗಿ ಮಾರ್ಪಡಿಸಿ ನಿಲ್ಲಿಸುತ್ತದೆ. ಅಳಲೆಕಾಯಿಯ ಒಗರಿಗೆ ಅನ್ನಭೇದಿಯನ್ನು ಕೂಡಿಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಆದರೆ ಮಾರ್ಪಟ್ಟ ತುಕ್ಕನ್ನು ಹಿಂದಕ್ಕೆ ತರುವಂತಿಲ್ಲ. ಆದುದರಿಂದ ಅಲ್ಲಿಯೂ ಇದನ್ನು ವಿವೇಚಿಸಿಯೇ ಬಳಸಬೇಕು.

ಮರದ ಆರೈಕೆ

ರೈಫಲಿನ ಮರ ಸಾಮಾನ್ಯವಾಗಿ ವಾಲ್ನಟ್, ಬೀಚ್ ಅಥವಾ ಬರ್ಚ್ ಜಾತಿಯದು. ಬ್ರಿಟಿಷ್ ಸೈನ್ಯದಲ್ಲಿ ಇದಕ್ಕೆ ಅಗಸೆ ಎಣ್ಣೆಯನ್ನು ತಿಕ್ಕುತ್ತಿದ್ದರು. ಈ ಎಣ್ಣೆ ಆರುವುದು ಆವಿಯಾಗಿ ಅಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಅಗಸೆ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಕಾಲಾನುಕಾಲಕ್ಕೆ ಮರವನ್ನು ಕಪ್ಪಾಗಿಸುವುದರಿಂದಲೂ ಗಟ್ಟಿಯಾದ ಮೇಲೆ ಸುಲಭವಾಗಿ ತೆಗೆಯಲು ಬಾರದಿರುವುದರಿಂದಲೂ ಸಂಗ್ರಹಾಲಯದ ವಸ್ತುಗಳಿಗೆ ಈ ಎಣ್ಣೆಗಿಂತ ಮೇಣವೇ ಮೇಲು. ಮರಳುಕಾಗದವನ್ನಂತೂ ಹತ್ತಿರ ಸೇರಿಸಲೇಬಾರದು. ಮರದ ಮೇಲಣ ತಗ್ಗು, ಗೀರು, ಕಪ್ಪು ಕಲೆ ಇವು ಬಳಕೆಯ ಗುರುತುಗಳು. ಮರದ ಮಟ್ಟ ತಗ್ಗಿದರೆ ಲೋಹ ಮೇಲಕ್ಕೆದ್ದು ಕಾಣುತ್ತದೆ, ಮುದ್ರೆ ಮರೆಯಾಗುತ್ತದೆ.

ಮುದ್ರೆಗಳ ಸಾಕ್ಷ್ಯ

ಇಷ್ಟು ಎಚ್ಚರಿಕೆ ಏಕೆ ಬೇಕೆಂಬುದು ಲೀ-ಎನ್‌ಫೀಲ್ಡ್ ರೈಫಲಿನ ಉದಾಹರಣೆಯಿಂದ ತಿಳಿಯುತ್ತದೆ. 0.303 ಅಂಗುಲ ರಂಧ್ರವ್ಯಾಸದ ಈ ರೈಫಲು ನಮ್ಮ ಪೊಲೀಸರ ಬಾಯಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಪರಿಚಿತ. ಇದರ ಮೊದಲ ರೂಪ 1895ರದು. ಮೊಟಕಾದ ರೂಪ 1904ರ ಸುಮಾರಿಗೆ ಬಳಕೆಗೆ ಬಂದಿತು. ಬಹು ಪ್ರಚಾರಕ್ಕೆ ಬಂದ ಮೂರನೆಯ ಮಾದರಿ 1907ರದು. ಭಾರತದಲ್ಲಿ ಇದನ್ನು ತಯಾರಿಸಿದುದು ಕಲ್ಕತ್ತೆಯ ಬಳಿ ಹೂಗ್ಲಿಯ ದಡದಲ್ಲಿರುವ ಇಷಾಪುರದ ಕಾರ್ಖಾನೆ. ಸ್ವಾತಂತ್ರ್ಯಪೂರ್ವದಲ್ಲಿ ಅಲ್ಲಿ ತಯಾರಾದ ರೈಫಲುಗಳ ಮೇಲೆ ಬ್ರಿಟಿಷ್ ಕಿರೀಟವೂ, ದೊರೆ ಜಾರ್ಜನನ್ನು ಸಾಮ್ರಾಟನೆಂದು ಸೂಚಿಸುವ ಜಿ.ಆರ್.ಐ. ಎಂಬ ಅಕ್ಷರಗಳೂ ಇವೆ. ಗಣರಾಜ್ಯದ ಕಾಲದ ರೈಫಲುಗಳ ಮೇಲೆ ಅದೇ ಸ್ಥಳದಲ್ಲಿ ಅಶೋಕನ ಸಿಂಹಗಳೂ, ಕಾರ್ಖಾನೆಯನ್ನು ಸೂಚಿಸುವ ಆರ್.ಎಫ್.ಐ. ಎಂಬ ಅಕ್ಷರಗಳೂ ಕಾಣುತ್ತವೆ. ಕಾರ್ಖಾನೆ ಅದೇ, ಮಾದರಿ ಅದೇ; ಪ್ರಭುತ್ವ ಬದಲಾದುದು ಮಾತ್ರ ಅಂಗುಲದಷ್ಟು ಅಗಲದ ಆ ಉಕ್ಕಿನ ಮೇಲೆ ದಾಖಲಾಗಿದೆ. ಸಾಣೆಚಕ್ರದ ಒಂದು ಸುತ್ತಿಗೆ ಈ ದಾಖಲೆ ಇಲ್ಲವಾಗುತ್ತದೆ.

ಕುರೂಪವೆಂದು ತೋರುವ ಗುರುತುಗಳೂ ಹೀಗೆಯೇ. ಭಾರತದ ಕೆಲವು ರೈಫಲುಗಳ ಮುಂಭಾಗದ ಮರಕ್ಕೆ ತಂತಿಯನ್ನು ಒತ್ತಾಗಿ ಸುತ್ತಿ ಬೆಸುಗೆ ಹಾಕಿರುವುದನ್ನು ಕಾಣಬಹುದು. ನೋಡಿದವರು ಮುರಿದ ಮರಕ್ಕೆ ಹಾಕಿದ ತೇಪೆಯೆಂದು ಭಾವಿಸಿ ಅದನ್ನು ಬಿಚ್ಚಿಹಾಕುತ್ತಾರೆ. ವಾಸ್ತವವಾಗಿ ಅದು ಕೈಬಾಂಬುಗಳನ್ನು ರೈಫಲಿನ ಮೂಲಕ ಎಸೆಯುವಾಗ ಉಂಟಾಗುವ ಒತ್ತಡವನ್ನು ತಾಳಲೆಂದು ಕೊಟ್ಟ ಬಿಗಿ. ಬ್ರಿಟಿಷ್ ಸರ್ಕಾರದ ಸ್ವತ್ತಿಗೆ ಬಾಣದ ಹೆಜ್ಜೆಯ ಗುರುತನ್ನು ಒತ್ತುತ್ತಿದ್ದರು; ಸ್ವತ್ತು ಮಾರಾಟವಾದಾಗ ಎರಡು ಬಾಣಗಳನ್ನು ಮೊನೆಗೆ ಮೊನೆ ತಾಗುವಂತೆ ಒತ್ತುತ್ತಿದ್ದರು. ರೈಫಲು ಯಾವ ಕ್ಷಣದಲ್ಲಿ ‘ಹೆಚ್ಚುವರಿ’ಯಾಯಿತೆಂಬುದಕ್ಕೆ ಈ ಗುರುತೇ ಸಾಕ್ಷಿ.

ಅಳಿಸಿದ ಗುರುತೂ ಒಮ್ಮೊಮ್ಮೆ ಸಾಕ್ಷ್ಯವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರಿಂದ ವಶಪಡಿಸಿಕೊಂಡ ಮೌಸರುಗಳನ್ನು ಯುಗೊಸ್ಲಾವಿಯದವರು ದುರಸ್ತಿ ಮಾಡುವಾಗ ಜರ್ಮನ್ ಮುದ್ರೆಗಳನ್ನು ಉಜ್ಜಿ ತಮ್ಮ ರಾಷ್ಟ್ರಲಾಂಛನವನ್ನು ಒತ್ತಿದರು. ಸೋವಿಯತ್ ಉಗ್ರಾಣಗಳಲ್ಲಿಯೂ ಇಂಥ ಮೌಸರುಗಳನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸಿದರು. ಒಂದು ರೈಫಲಿನ ಭಾಗ ಇನ್ನೊಂದಕ್ಕೆ ಸೇರಿತು, ಮರಕ್ಕೆ ಅರಗಿನ ಮೆರುಗು ಬಂದಿತು, ಬೋಲ್ಟಿನ ಮೇಲೆ ವಿದ್ಯುತ್ ಲೇಖನಿಯಿಂದ ಹೊಸ ಸಂಖ್ಯೆ ಬಿದ್ದಿತು. ಇಂಥ ರೈಫಲನ್ನು ‘ಮೂಲರೂಪಕ್ಕೆ’ ತರುತ್ತೇನೆಂದು ಹೊರಡುವವನು ಅರಗನ್ನು ಕೆರೆದು, ಸಂಖ್ಯೆಯನ್ನು ಅಳಿಸಿ, ಹಳೆಯ ಮುದ್ರೆಯನ್ನು ಹೊಸದಾಗಿ ಕೆತ್ತಿಸುತ್ತಾನೆ. ಅದು ಜೀರ್ಣೋದ್ಧಾರವಲ್ಲ, ಕೂಟಶಾಸನ. ಯುದ್ಧದಲ್ಲಿ ಸೋತವರ ಆಯುಧ ಗೆದ್ದವರ ಕೈಸೇರಿದ ಚರಿತ್ರೆ ಆ ಅರಗಿನಲ್ಲಿಯೂ ಆ ಸಂಖ್ಯೆಯಲ್ಲಿಯೂ ಇದ್ದಿತು.

ಮುದ್ರೆ ಅಳಿಯುವುದರಿಂದ ಪ್ರಾಣಾಪಾಯವೂ ಸಂಭವಿಸಬಹುದು. ಸವೆದು ಅಯೋಗ್ಯವಾದ ರೈಫಲುಗಳನ್ನು ಕವಾಯತಿಗೆ ಮಾತ್ರ ಮೀಸಲಿಟ್ಟು ಡಿ.ಪಿ. ಎಂಬ ಅಕ್ಷರಗಳನ್ನು ಒತ್ತುವುದು ಪದ್ಧತಿ. ಕಾಲೇಜಿನಲ್ಲಿ ಎನ್.ಸಿ.ಸಿ. ಕವಾಯತು ಮಾಡಿದವರಿಗೆ ಈ ಅಕ್ಷರಗಳು ಪರಿಚಿತವಾಗಿರಬಹುದು. ಇದರಲ್ಲಿ ಗುಂಡು ಹಾರಿಸಕೂಡದೆಂಬುದೇ ಇದರ ಅರ್ಥ. ಇದನ್ನು ಉಜ್ಜಿ ತೆಗೆದರೆ ಮುಂದಿನವನಿಗೆ ಎಚ್ಚರಿಕೆ ಕೊಡುವವರು ಯಾರು? ಹಾಗೆಯೇ ಇಷಾಪುರದಲ್ಲಿ 1960ರ ದಶಕದಲ್ಲಿ ಇದೇ ಮಾದರಿಯ ರೈಫಲನ್ನು 7.62 ಮಿಲಿಮೀಟರಿನ ಬೇರೆ ತೋಟಾಕ್ಕಾಗಿ ಬೇರೆ ಉಕ್ಕಿನಲ್ಲಿ ತಯಾರಿಸಿದರು. ಹೊರನೋಟಕ್ಕೆ ಎರಡೂ ಒಡಹುಟ್ಟುಗಳಂತಿವೆ. ಭೇದವನ್ನು ನಿಸ್ಸಂದಿಗ್ಧವಾಗಿ ಹೇಳುವುದು ಮುದ್ರೆ. ಬೋಲ್ಟಿನ ಮೇಲಣ ಸಂಖ್ಯೆಯೂ ಮೈಮೇಲಣ ಸಂಖ್ಯೆಯೂ ಒಂದೇ ಆಗಿರಬೇಕೆಂಬುದು ಕೂಡ ಅಲಂಕಾರಕ್ಕಾಗಿ ಅಲ್ಲ. ಬೋಲ್ಟನ್ನು ಆಯಾ ರೈಫಲಿಗೆ ಹೊಂದಿಸಿ ಕೂಡಿಸಿರುತ್ತಾರೆ. ಅದಲುಬದಲಾದರೆ ತೋಟಾದ ಹಿಂಬದಿಗೆ ಸರಿಯಾದ ಆಸರೆ ಇಲ್ಲದೆ ಅದು ಸೀಳಬಹುದು.

ನಮ್ಮ ಸಂದರ್ಭ

ಸೈನ್ಯದ ತೋಟಾಗಳನ್ನು ಬಳಸುವ ರೈಫಲುಗಳು ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. 1959ರ ಆಯುಧ ಶಾಸನದ ಮೇರೆಗೆ ಪರವಾನಗಿಯಿಲ್ಲದೆ ಕೋವಿಯನ್ನು ಹೊಂದುವುದಾಗಲಿ ದುರಸ್ತಿ ಮಾಡುವುದಾಗಲಿ ಅಪರಾಧ. ಆದುದರಿಂದ ಇಲ್ಲಿ ಈ ವಿಷಯವು ಹವ್ಯಾಸಿಗಳಿಗಿಂತ ಸಂಗ್ರಹಾಲಯಗಳಿಗೂ ಪೊಲೀಸ್ ಮತ್ತು ಸೈನಿಕ ಉಗ್ರಾಣಗಳಿಗೂ ಸಂಬಂಧಿಸಿದುದು. ಕೊಡಗಿನಲ್ಲಿ ಮಾತ್ರ ಮನೆಮನೆಯ ಕೋವಿಗೆ ಒಂದು ವಿಶಿಷ್ಟ ಸ್ಥಾನವಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. ಇದರ ಸಿಂಧುತ್ವವನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಈ ವಿನಾಯಿತಿಯೂ ನಿಷಿದ್ಧ ವರ್ಗದ ರೈಫಲುಗಳಿಗೆ ಅನ್ವಯಿಸುವುದಿಲ್ಲ.

ಕೊಡಗಿನ ಕೈಲ್‌ಪೊಳ್ದ್ ಹಬ್ಬ ಬರುವುದು ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ, ನಾಟಿಯ ಕೆಲಸ ಮುಗಿದು ಮಳೆಯ ಬಿರುಸು ತಗ್ಗುವ ಹೊತ್ತಿಗೆ. ಅಂದು ಕೋವಿಗಳನ್ನು ಶುಚಿಮಾಡಿ, ತೋಕ್‌ಪೂವಿನಿಂದ, ಎಂದರೆ ಕೋವಿಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತುಕ್ಕಿನ ಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಕೋವಿಯನ್ನು ವರ್ಷಕ್ಕೊಮ್ಮೆ ಕೂಲಂಕಷವಾಗಿ ಪರೀಕ್ಷಿಸಲು ಇದಕ್ಕಿಂತ ತಕ್ಕ ಕಾಲ ಬೇರೆಯಿಲ್ಲ. ಪೂಜೆಯ ಬಳಿಕ ಗಂಧಕುಂಕುಮಗಳ ತೇವವನ್ನು ಒರೆಸಿ, ಬೆರಳಿನ ಬೆವರೂ ಉಪ್ಪೇ ಎಂಬುದನ್ನು ನೆನೆದು, ಕೊನೆಯದಾಗಿ ಎಣ್ಣೆಬಟ್ಟೆಯನ್ನು ಆಡಿಸಿ ಇಡುವುದು ಅವಶ್ಯ.

ಸಂಗ್ರಹಾಲಯದಲ್ಲಿ ಅನುಸರಿಸತಕ್ಕ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಕೋವಿಯಲ್ಲಿ ತೋಟಾ ಇಲ್ಲವೆಂಬುದನ್ನು ಬಲ್ಲವರಿಂದ ಖಚಿತಪಡಿಸಿಕೊಳ್ಳಬೇಕು. ಕೈಯಿಡುವ ಮುನ್ನ ಎಲ್ಲ ಪಾರ್ಶ್ವಗಳ ಛಾಯಾಚಿತ್ರ ತೆಗೆದು, ಎಲ್ಲ ಮುದ್ರೆಗಳನ್ನೂ ಬರೆದುಕೊಳ್ಳಬೇಕು. ಗ್ರೀಸನ್ನು ಶಾಖದಿಂದಲೂ ದ್ರಾವಕದಿಂದಲೂ, ಉಪ್ಪನ್ನು ನೀರಿನಿಂದಲೂ ಕಳೆಯಬೇಕು. ನಲ್ಲಿಯ ನೀರಿನಲ್ಲಿಯೂ ಕ್ಲೋರೈಡು ಇರುವುದರಿಂದ ಬಟ್ಟಿ ಇಳಿಸಿದ ನೀರು ಉತ್ತಮ. ಕೆಂಪು ತುಕ್ಕನ್ನು ಮಾತ್ರ ಎಬ್ಬಿಸಿ, ಕಪ್ಪು ಪೊರೆಯನ್ನು ಉಳಿಸಿ, ತೆಳುವಾಗಿ ಮೇಣ ಸವರಿ, ಒಣಹವೆಯಲ್ಲಿ ಇಡಬೇಕು. ಮಾಡಿದ ಪ್ರತಿಯೊಂದು ಕೆಲಸವನ್ನೂ ಬರೆದಿಡಬೇಕು. ಸಂಶಯ ತೋರಿದಲ್ಲಿ ಕೈ ತಡೆಯಬೇಕು. ಇಂದು ಬಿಟ್ಟ ಕೊಳೆಯನ್ನು ನಾಳೆ ತೆಗೆಯಬಹುದು, ಇಂದು ತೆಗೆದ ಅಕ್ಷರವನ್ನು ನಾಳೆ ತರಲಾಗದು.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯ ದಿನದ ಪಥಸಂಚಲನದಲ್ಲಿ ತ್ರೀ ನಾಟ್ ತ್ರೀ ರೈಫಲಿಗೆ ವಿಧ್ಯುಕ್ತವಾಗಿ ವಿದಾಯ ಹೇಳಿದರು. ಹೀಗೆ ಸೇವೆಯಿಂದ ಹೊರಬಿದ್ದ ಆಯುಧಗಳಲ್ಲಿ ಹೆಚ್ಚಿನವು ಉಳಿಯಲಾರವು, ಎಲ್ಲವನ್ನೂ ಉಳಿಸಬೇಕಾಗಿಯೂ ಇಲ್ಲ. ಆದರೆ ಅವು ನಾಶವಾಗುವ ಮುನ್ನ ಅವುಗಳ ಮುದ್ರೆಗಳನ್ನಾದರೂ ಪಟ್ಟಿಮಾಡಿಕೊಳ್ಳುವುದು ಸಾಧ್ಯ. ಇತಿಹಾಸದ ವಿದ್ಯಾರ್ಥಿ ಮುದ್ರೆಯನ್ನು ಓದಬಲ್ಲನು. ರಸಾಯನಶಾಸ್ತ್ರದ ವಿದ್ಯಾರ್ಥಿ ಅದರ ಮೇಲಣ ಪದರವನ್ನು ಗುರುತಿಸಬಲ್ಲನು. ಅಧಿಕಾರಿಗಳ ಅನುಮತಿ ಪಡೆದು ಇಬ್ಬರೂ ಕೂಡಿ ಒಂದು ಜಿಲ್ಲೆಯ ಉಗ್ರಾಣದಲ್ಲಿ ಈ ಕೆಲಸವನ್ನು ಆರಂಭಿಸಿದರೂ, ಇಪ್ಪತ್ತನೆಯ ಶತಮಾನದ ನಮ್ಮ ಸೈನಿಕ ಮತ್ತು ಪೊಲೀಸ್ ಇತಿಹಾಸಕ್ಕೆ ಇದುವರೆಗೆ ಯಾರೂ ಕೈಹಾಕದ ಆಧಾರಸಾಮಗ್ರಿ ದೊರೆತೀತು.